ಹೆಚ್ಚಾಗೇತಿ

ನವೆಂಬರ್ 7, ಶುಕ್ರವಾರ, ಸಂಜೆ 7

ಜಯನಗರದ ಆಫೀಸಿನಿಂದ ಈಗ ಬಂದೆ. ಇವತ್ತೂ ಅದೇ. ಸಣ್ಣ ಊರುಗಳ ಬಯೋಟೆಕ್ ಕಂಪನಿಗಳ ಪರವಾಗಿ ಹೊರದೇಶದವರಿಗೆ ಮೇಲ್ ಬರೆಯುವುದು. ಬಾಯಿಬಿಟ್ಟು ಮಾತಾಡಿದ್ದು ಒಬ್ಬಳ ಜೊತೆ ಮಾತ್ರ, ಅದೂ ಮನೆಗೆ ಬರುವಾಗ ಬಸ್ಸಿನಿಂದ ಫೋನಿನಲ್ಲಿ — ಕೊಪ್ಪಳದಲ್ಲಿ ಅಂಥದೊಂದು ಕಂಪನಿ ನಡೆಸುವ ಹುಲಿಗೆವ್ವ. ಒಣ ನೆಲದಲ್ಲೂ ಶೇಂಗಾದ ಬೇರು ಕಾಯುವ ಬ್ಯಾಕ್ಟೀರಿಯಾ ಅವಳದು, ತನ್ನ ಹೊಲದ ಮಣ್ಣಿನಲ್ಲೇ ಹುಡುಕಿದ್ದು. ಜರ್ಮನಿಯ ಬೀಜದ ಕಂಪನಿಯೊಂದು ಜನವರಿಯಲ್ಲಿ ಟ್ರಯಲ್ ಮಾಡಲು ಒಪ್ಪಿದೆ. ಅವಳ ಐದು ವರ್ಷದ ದುಡಿಮೆ.

ಫ್ರೀಜರ್‌ನಲ್ಲಿ ಹೆಪ್ಪಿನ ಹಾಗೆ ಕಾದಿಟ್ಟ ಮೂಲ ಕಲ್ಚರ್ ಎಷ್ಟಿದೆ ಎಂದು ಕೇಳಿದೆ. ಮಿಕ್ಕಿದ್ದೆಲ್ಲ ಅದರಿಂದಲೇ ಬೆಳೆಸಬೇಕಲ್ಲ.

"ಹೆಚ್ಚಾಗೇತ್ರೀ ಅಕ್ಕಾರ."

"ಛಲೋ ಆತು ಬಿಡು," ಎಂದೆ.

ತಟ್ಟನೆ ಫೋನ್ ಇಟ್ಟಳು. ದಣಿದಿದ್ದಳೇನೋ.

ನವೆಂಬರ್ 10

ಜರ್ಮನಿಗೆ ಬರೆದೆ: ಕಲ್ಚರ್ ಧಾರಾಳವಾಗಿದೆ, ಜನವರಿವರೆಗೆ ಕಾಯುವುದು ಬೇಡ. ನಮ್ಮ ಬಾಸ್ ವಿಜಯಕುಮಾರ್ ಮೇಜಿನ ಹತ್ತಿರವೇ ಬಂದು, "ಸಖತ್ ಕೆಲಸ, ಮಧುಮತಿ ಮೇಡಂ," ಎಂದರು. ಖುಷಿಯಾಯಿತು. ಯಾರಿಗೆ ಹೇಳಲಿ...

ನವೆಂಬರ್ 18

ಜರ್ಮನಿಯವರಿಗೆ ಸ್ಯಾಂಪಲ್ 24ಕ್ಕೆ ಬೇಕಂತೆ. ಹುಲಿಗೆವ್ವ ನಾಲ್ಕು ದಿನದಿಂದ ಫೋನ್ ಎತ್ತುತ್ತಿಲ್ಲ. ಸಿಟ್ಟು ನೆತ್ತಿಗೇರಿದೆ. ಇವರಿಗಾಗಿ ಇಷ್ಟು ಒದ್ದಾಡುವುದೇ ದಂಡ.

ನವೆಂಬರ್ 19

ಎತ್ತಿದಳು.

"ಏನ್ ಕಳಸ್ಲಿ ಅಕ್ಕಾರ? ಫ್ರೀಜರ್ ಕೆಟ್ಟು ಎಲ್ಲಾ ಹೋತು. ಅವತ್ತ ಹೇಳೀನಲ್ಲ?"

"ಹೆಚ್ಚಾಗೇತಿ ಅಂದಿ ನೀ."

"ಶುಕ್ರವಾರ, ದೀಪ ಹಚ್ಚೋ ಹೊತ್ತು. ಮುಗೀತು ಅಂತ ಹ್ಯಾಂಗ ಅನ್ಲಿ? ನೀವು ನಮ್ಮ ಕಡೆಯವ್ರು, ತಿಳೀತೈತಿ ಅನ್ಕೊಂಡೆ. ನೀವು ನೋಡಿದ್ರ ಛಲೋ ಆತು ಅಂದ್ರಿ."

ನನ್ನ ಅವ್ವನೂ ಹಾಗೇ ಅನ್ನುತ್ತಿದ್ದಳು. ಅಕ್ಕಿ ಮುಗಿದರೆ ಹೆಚ್ಚಾಗೇತಿ, ಕುಂಕುಮ ಮುಗಿದರೆ ಹೆಚ್ಚಾಗೇತಿ. ಮುಗಿಯಿತು ಎಂಬ ಮಾತು ಮನೆಯಲ್ಲಿ ಆಡಬಾರದು. ಸುದ್ದಗುಂಟೆಪಾಳ್ಯದ ಈ ರೂಮಿನಲ್ಲಿ ಹನ್ನೊಂದು ವರ್ಷ. ಅಕ್ಕಿ ಎಷ್ಟು ಸಲ ಮುಗಿಯಿತೋ, ಹೇಳಲು ಯಾರೂ ಇರಲಿಲ್ಲ. ಮಾತೇ ಮರೆತುಹೋಗಿದೆ. ನಾಚಿಕೆಯಾಗುತ್ತಿದೆ.

ನವೆಂಬರ್ 20

ವಿಜಯಕುಮಾರ್: "ಆ ಕಂಪನಿಯವ್ರೇ ತಪ್ಪು ಮಾಹಿತಿ ಕೊಟ್ರು ಅಂತ ಬರೆದುಬಿಡಿ ಮೇಡಂ. ನಮ್ಮ ಹೆಸ್ರು ಉಳಿಯುತ್ತೆ."

ಬರೆಯಲಿಲ್ಲ. ಅವಳು ಸರಿಯಾಗಿಯೇ ಹೇಳಿದ್ದಳು, ಅರ್ಥ ಮಾಡಿಕೊಳ್ಳದವಳು ನಾನು ಎಂದು ಜರ್ಮನಿಗೆ ಬರೆದೆ. ಮಣ್ಣಿನಿಂದ ಕಲ್ಚರ್ ಮತ್ತೆ ಬೆಳೆಸಲು ಜೂನ್‌ವರೆಗೆ ಸಮಯ ಕೇಳಿದೆ. ಬಾಸ್‌ಗೆ ತೋರಿಸದೆ ಕಳಿಸಿದೆ.

ನವೆಂಬರ್ 27, ಮಧ್ಯಾಹ್ನ 3

ಉತ್ತರ ಬಂತು. ಎರಡು ಸಾಲು. ಹುಲಿಗೆವ್ವನ ಹೆಸರು ಟ್ರಯಲ್ ಪಟ್ಟಿಯಿಂದ ತೆಗೆದಿದ್ದಾರೆ.

ಆಫೀಸಿನ ಮೆಟ್ಟಿಲ ಮೇಲೆ ಕೂತು ಅವಳಿಗೆ ಹೇಳಿದೆ. ತಪ್ಪು ನನ್ನದು, ಬೇಕಾದರೆ ನಿನ್ನ ಫೈಲ್ ಬೇರೆಯವರಿಗೆ ಕೊಡಿಸುತ್ತೇನೆ ಎಂದೆ. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಬ್ಯಾರೇದವ್ರು ಬ್ಯಾಡ್ರಿ," ಎಂದಳು. "ಹೊಲದಾಗ ಮಣ್ಣೈತಿ. ಮತ್ತ ಮೊದಲಿಂದ ಹುಡುಕ್ತೀನಿ." ಆಮೇಲೆ, "ಊಟ ಆತ್ರೀ ಅಕ್ಕಾರ?"

"ಆತು." ಸುಳ್ಳು.

"ಯಾರ್ಯಾರು ಕುಂತಿದ್ರಿ ಊಟಕ್ಕ?"

ಅವ್ವನ ಹಾಗೆ ಅಂದೆ: "ಮಂದಿ ಹೆಚ್ಚಾಗೇತಿ."