ತಂಪು ಎಲ್ಲಿಂದ ಬರುತ್ತದೆ?

ಎರಡನೆಯ ಬೇಸಿಗೆಯ ಮೂವತ್ತೆಂಟನೆಯ ದಿನ, ಕ್ರಿ.ಶ. ೨೩೧೭
ಶಹಾಬಾದಿನ ಹತ್ತಿರದ ಹಳೆಯ ಕಲ್ಲುಗಣಿ

ಉಷ್ಣಗತಿ ವಿಜ್ಞಾನದ ಪುಸ್ತಕ ಮುಂದಿಟ್ಟುಕೊಂಡು ತಲೆ ಕೆರೆದುಕೊಳ್ಳುತ್ತಿರುವ ಹಿರಿಯರೇ,

ನಿಮಗೆ ಇಪ್ಪತ್ತು ದಾಟಿರಲಿಕ್ಕಿಲ್ಲ. ನನಗೂ ಹೆಚ್ಚುಕಡಿಮೆ ಅಷ್ಟೇ ವಯಸ್ಸು. ಆದರೂ ನೀವು ನನಗಿಂತ ಮುನ್ನೂರು ವರ್ಷ ಮೊದಲು ಹುಟ್ಟಿದವರು, ಹಿರಿಯರೇ ಎನ್ನದೆ ಬೇರೆ ದಾರಿಯಿಲ್ಲ. ಮೇಲಿನ ತಾರೀಕು ಕಂಡು ಹುಬ್ಬೇರಿಸಬೇಡಿ. ನಮ್ಮಲ್ಲಿ ವರ್ಷಕ್ಕೆ ಎರಡು ಬೇಸಿಗೆ. ಎರಡನೆಯದು ದಸರೆಯ ಹೊತ್ತಿಗೆ ಬರುತ್ತದೆ. ನೀವು ಕೇಳರಿಯದ ಮಾತುಗಳು ಈ ಕಾಗದದಲ್ಲಿ ಬಂದರೆ ಮನ್ನಿಸಿ. ಇದು ಏರುಹೊಳೆಯ ಅಂಚೆಯಲ್ಲಿ ಬರುತ್ತಿದೆ. ಕಾಲದ ಹರಿವಿಗೆ ಎದುರಾಗಿ ಸಾಗುವ ಅಂಚೆಗೆ ನಮ್ಮವರು ಇಟ್ಟ ಹೆಸರು ಅದು. ಬರೆದವರು ಸೋತ ಪಾಠದ ಮುಂದೆಯೇ ಸೋತು ಕೂತವರಿಗೆ ಮಾತ್ರ ಅದು ತಲುಪುತ್ತದಂತೆ. ನಿಮಗೆ ತಲುಪಿದೆ ಎಂದರೆ ನೀವು ಈ ವಿಷಯದಲ್ಲಿ ಅಷ್ಟೇನೂ ಜಾಣರಲ್ಲ. ಬೇಸರಿಸಬೇಡಿ, ನಾನೂ ಅಲ್ಲ.

ನನ್ನ ಹೆಸರು ನೀಲಗಂಗಾ. ನಿಮ್ಮ ಕಾಲದವರು ಹಾಸುಗಲ್ಲು ತೆಗೆದು ಬಿಟ್ಟುಹೋದ ಹೊಂಡಕ್ಕೆ ಮಾಡು ಹಾಕಿ ನಾವು ಬೇಸಿಗೆ ಕಳೆಯುತ್ತೇವೆ. ಅದಕ್ಕೆ ತಂಪುಮನೆ ಎನ್ನುತ್ತೇವೆ. ಹೊತ್ತು ಒಂದು ಮಾರು ಏರುವಷ್ಟರಲ್ಲಿ ಓಣಿಯ ಜನರೆಲ್ಲ ಹಾಸಿಗೆ, ರೊಟ್ಟಿಬುಟ್ಟಿ, ಆಡು, ಮಕ್ಕಳ ಸಮೇತ ಕೆಳಗಿಳಿಯುತ್ತಾರೆ. ಒಳಗೆ ಒಲೆ ಹಚ್ಚುವಂತಿಲ್ಲ, ಹಾಗಾಗಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಮೊಸರು. ಸಂಜೆಯವರೆಗೆ ಅಲ್ಲೇ ನಿದ್ದೆ, ಅಲ್ಲೇ ಬೀಗರ ಮಾತುಕತೆ, ಅಲ್ಲೇ ಜಗಳ. ಗೋಡೆಯಲ್ಲಿ ಒಂದು ದೊಡ್ಡ ಯಂತ್ರ. ಬೇಸಿಗೆ ಹಿಡಿದ ಮೊದಲ ದಿನ ಹೆಂಗಸರು ಅದರ ಬಾಯಿಗೆ ಅರಿಸಿನ ಕುಂಕುಮ ಹಚ್ಚಿ, ಸೌತೆಕಾಯಿ, ಮೊಸರನ್ನದ ಎಡೆ ಹಿಡಿದು "ತಂಪ ಕೊಡವ್ವಾ ತಾಯಿ" ಎಂದು ಕೈಮುಗಿಯುತ್ತಾರೆ. ಬೆಲ್ಲ, ಹುರುಳಿ ಆ ಎಡೆಗೆ ಸಲ್ಲವು, ಅವು ಉಷ್ಣ.

ಯಂತ್ರ ನೋಡಿಕೊಳ್ಳುವವನು ತಂಪುಗಾರ. ಉಷ್ಣಗತಿ ವಿಜ್ಞಾನ ಪಾಸಾದವರಿಗೇ ಅದರ ಕೀಲಿಕೈ ಕೊಡಬೇಕೆಂಬುದು ಕಾಯಿದೆ. ನಮ್ಮ ತಂಪುಗಾರ ಹೋದ ವರ್ಷ ತೀರಿಕೊಂಡ. ಸದ್ಯಕ್ಕೆ ಪಕ್ಕದೂರಿನ ತಂಪುಗಾರ ಬಂದು ಓಡಿಸುತ್ತಿದ್ದಾನೆ. ಈ ಬೇಸಿಗೆ ಮುಗಿಯುವುದರೊಳಗೆ ಓಣಿಯಲ್ಲಿ ಒಬ್ಬರಾದರೂ ಪಾಸಾಗದಿದ್ದರೆ ತಂಪುಮನೆಗೆ ಬೀಗ ಜಡಿದು, ನಮ್ಮ ಮನೆಗಳನ್ನು ಒಂದೊಂದಾಗಿ ಬೇರೆ ಬೇರೆ ಊರಿನ ತಂಪುಮನೆಗಳಿಗೆ ಹಂಚುತ್ತಾರೆ. ಓಣಿಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಎರಡು ಸಲ ನಪಾಸಾಗಿದ್ದೇನೆ, ಮೂರನೆಯದೇ ಕೊನೆಯ ಸಲ. ನೀರಿಗೆ ಹೋದರೂ ಯಾರಾದರೂ ತಡೆದು "ಏನವ್ವಾ ನೀಲಾ, ಈ ಸಲರೆ ಪಾಸ್ ಆಗ್ತಿಯಿಲ್ಲೋ?" ಎಂದು ಕೇಳುತ್ತಾರೆ. ನಗುತ್ತಲೇ ಕೇಳುತ್ತಾರೆ. ಕೇಳಿದಾಗಲೆಲ್ಲ ನಾನು ಅರ್ಧ ಕೊಡಕ್ಕೇ ಮನೆಗೆ ತಿರುಗುತ್ತೇನೆ.

ಎರಡು ಸಲವೂ ನನ್ನನ್ನು ಕೆಡವಿದ್ದು ಒಂದೇ ಪ್ರಶ್ನೆ: ತಂಪು ಎಲ್ಲಿಂದ ಬರುತ್ತದೆ? ಸಮೀಕರಣಗಳೆಲ್ಲ ನನಗೆ ಬಾಯಿಪಾಠ. ಆದರೆ ಯಂತ್ರವು ತಂಪನ್ನು ತಯಾರಿಸಿ ಒಳಗೆ ಬಿಡುತ್ತದೆ ಎಂದು ಬರೆದು, ಅದಕ್ಕೆ ತಕ್ಕಂತೆ ಪ್ಲಸ್ ಇರಬೇಕಾದಲ್ಲೆಲ್ಲ ಮೈನಸ್ ಹಾಕಿ ಬಂದೆ. ನಾವು ಮಾತಾಡುವುದೇ ಹಾಗಲ್ಲವೇ? ತಂಪು ಬರುತ್ತದೆ, ತಂಪು ಕೊಡುತ್ತದೆ, ಚಳಿ ಹೊಡೆಯುತ್ತದೆ. ಅದು ತಪ್ಪಂತೆ ಎಂದು ಮನೆಯಲ್ಲಿ ಹೇಳಿದರೆ ನನ್ನ ಆಯಿ, ಅಂದರೆ ಅಜ್ಜಿ, ರೇಗಿದಳು. "ತಂಪ ಬರಲ್ಲಂದ್ರ ಮುಖಕ್ಕ ಬಡೀತದಲ್ಲ, ಅದೇನದ ಮತ್ತ? ನಿಮ್ಮ ಮಾಸ್ತರಿಗಿ ಕರಕೊಂಡು ಬಾ, ನಾ ಕೇಳ್ತೀನಿ." ಇಲ್ಲವೇ ಇಲ್ಲ ಎನ್ನುವ ತಂಪನ್ನು ಎಂಬತ್ತು ವರ್ಷ ಉಂಡವಳಿಗೆ ಯಾವ ಮಾಸ್ತರು ಏನು ಹೇಳಬಲ್ಲರು?

ಕಾಲೇಜಿನಿಂದ ನನಗೆ ಪಾಠ ಹೇಳಲು ಬರುವ ಪರವೂರಿನ ಮೌಲಾಲಿ ಮಾಸ್ತರು ವಾದಕ್ಕಿಳಿಯುವವರಲ್ಲ. ಮೊನ್ನೆ ಮಧ್ಯಾಹ್ನ ನಾನು ಮತ್ತೆ ಅದೇ ಮೈನಸ್ ಹಾಕಿದ್ದನ್ನು ಕಂಡು ಪುಸ್ತಕ ಕಸಿದುಕೊಂಡರು. "ಓದಿದ್ದು ಸಾಕವ್ವಾ. ಮಷೀನಿನ ಹಿಂದ ಹೋಗಿ ಒಂದಿಷ್ಟೊತ್ತು ನಿಂದ್ರು," ಎಂದರು.

ಹುಟ್ಟಿದಾಗಿನಿಂದ ನಾನು ಅದರ ಮುಂದೆ ಕೂತವಳು. ಅದಕ್ಕೊಂದು ಹಿಂಬದಿ ಇದೆಯೆಂದು ಯೋಚಿಸಿದವಳೇ ಅಲ್ಲ. ಒದ್ದೆ ಕಂಬಳಿ ಹೊದ್ದು ಗಣಿಯ ಮೇಲೆ ಹತ್ತಿ, ಬಳಸಿಕೊಂಡು ಹೋದೆ. ಅಲ್ಲಿ ದಪ್ಪ ಕೊಳವೆಯೊಂದು ಬೆಂಕಿಯಂಥ ಗಾಳಿಯನ್ನು ಉಗುಳುತ್ತಿತ್ತು. ಅದರೆದುರಿಗೆ ತಾಡಪತ್ರಿಯ ನಾಲ್ಕಾರು ಗುಡಿಸಲುಗಳು. ಸಮುದ್ರ ನುಂಗಿದ ಊರುಗಳಿಂದ ಬಂದ, ಯಾವ ತಂಪುಮನೆಯಲ್ಲೂ ಜಾಗ ಸಿಗದ ಜನರವು. ನನ್ನನ್ನು ಯಂತ್ರ ರಿಪೇರಿಗೆ ಬಂದವಳೆಂದುಕೊಂಡು ಒಬ್ಬ ಹೆಂಗಸು ಕೂಸನ್ನೆತ್ತಿಕೊಂಡು ಓಡಿ ಬಂದಳು. ಕೂಸಿನ ಮೈತುಂಬ ಬೆವರುಗುಳ್ಳೆ. "ಕೆಟ್ಟದೇನ್ರಿ? ಇವತ್ತು ಬಂದ್ ಆಗ್ತದೇನ್ರಿ?" ಎಂದಳು. ಅವಳ ದನಿಯಲ್ಲಿ ಆಸೆಯಿತ್ತು. ನಾವು ಯಾವುದು ಕೆಡದಿರಲಿ ಎಂದು ಎಡೆ ಹಿಡಿಯುತ್ತೇವೋ ಅದು ಕೆಡಲಿ ಎಂದು ಅವಳು ದಿನವೂ ಬೇಡಿಕೊಳ್ಳುತ್ತಿದ್ದಳು. ಅಲ್ಲೇ ನಿಂತು ಅತ್ತೆ.

ಹಿರಿಯರೇ, ತಂಪು ಎಂಬುದೊಂದು ವಸ್ತುವೇ ಇಲ್ಲ. ಇರುವುದು ಶಾಖ ಒಂದೇ. ಯಂತ್ರ ಅದನ್ನು ಒಂದು ಕಡೆಯಿಂದ ಹೊತ್ತು, ತನ್ನ ದುಡಿಮೆಯ ಬಿಸಿಯನ್ನೂ ಸೇರಿಸಿ, ಇನ್ನೊಂದು ಕಡೆ ಸುರಿಯುತ್ತದೆ. ಅಂದು ಸಂಜೆ ಕೂತು ಲೆಕ್ಕ ಬಿಡಿಸಿದಾಗ ಚಿಹ್ನೆಗಳು ತಾವಾಗಿ ಸರಿಯಾದವು. ನಾಳೆ ಪರೀಕ್ಷೆ. ಪಾಸಾಗುತ್ತೇನೆ ಎಂಬ ಧೈರ್ಯ ಈಗ ಬಂದಿದೆ, ಆಮೇಲಿನದಕ್ಕೆ ಬಂದಿಲ್ಲ. ಕೀಲಿಕೈ ಸಿಕ್ಕ ದಿನವೇ ಆ ಗುಡಿಸಲಿನವರನ್ನು ಒಳಗೆ ಕರೆಯಬೇಕೆಂದಿದ್ದೇನೆ. ಅಷ್ಟು ಮೈಗಳು ಸೇರಿದರೆ ಒಳಗೆ ಸೆಕೆ ಏರುತ್ತದೆ, ಅದೂ ಲೆಕ್ಕದಲ್ಲೇ ಇದೆ. ಇದಕ್ಕೇ ಏನು ನಿನ್ನನ್ನು ಓದಿಸಿದ್ದು ಎಂದು ಓಣಿಯೇ ನನ್ನ ಮೇಲೆ ಬೀಳುತ್ತದೆ, ಎಲ್ಲರಿಗಿಂತ ಮೊದಲು ಆಯಿ.

ನಿಮ್ಮ ಪರೀಕ್ಷೆಯೂ ಹತ್ತಿರ ಬಂದಿರಬೇಕು. ನಿಮ್ಮ ಪುಸ್ತಕದಲ್ಲಿ ಒಂದು ಸಾಲು ಇದ್ದೇ ಇರುತ್ತದೆ: ಶಾಖವನ್ನು ಪರಿಸರಕ್ಕೆ ಬಿಡಲಾಗುತ್ತದೆ. ಹಾಗೆಯೇ ಬರೆಯಿರಿ, ಅಂಕ ಬರುತ್ತದೆ, ಪಾಸಾಗಿ. ಬರೆದ ಮೇಲೆ ಒಂದು ಗಳಿಗೆ ಪೆನ್ನು ಎತ್ತಿ ಆ ಪದವನ್ನು ಇನ್ನೊಮ್ಮೆ ಓದಿ, ಇಷ್ಟೇ ನನ್ನ ಬೇಡಿಕೆ. ಪರಿಸರ ಎಂದು ನೀವು ಬರೆದಿದ್ದೀರಲ್ಲ, ಅದು ನಾವು.

ನಿಮ್ಮ ಕಿರಿಯಳು,
ನೀಲಗಂಗಾ