ಅಕ್ಕಾ, ನಿನ್ನ ಮ್ಯಾಂಡರಿನ್ ಮೀನುಗಳು

ಪ್ರೀತಿಯ ಅಕ್ಕಾ,

ನೀನು ಹೋದ ಮೇಲೆ ರೆಡ್‌ವುಡ್ ಸಿಟಿಯ ನಿಮ್ಮ ಮನೆಯಲ್ಲಿ ಭಾವ ಹೆದರುತ್ತಿದ್ದದ್ದು ನಿನ್ನ ಹವಳದ ಮೀನುತೊಟ್ಟಿಗೆ. "ಯಾರಿಗರ ಕೊಟ್ಟಬಿಡೋಣ. ಅವು ಸತ್ರ ನನಗ ನೋಡ್ಲಿಕ್ಕೆ ಆಗೂದಿಲ್ಲ" ಎಂದಿದ್ದರು. ಆ ಮನೆಯಲ್ಲಿ ಇನ್ನೊಂದು ಸಾವು ಬೇಡ ಅನ್ನಿಸಿದ್ದು ತಪ್ಪೇ, ಹೇಳು? ನಿನ್ನ ಮಗಳು ಅನು ಮಾತ್ರ ಒಪ್ಪಲಿಲ್ಲ. "ನೋ ಅಪ್ಪಾ, ದೇ ಆರ್ ಅಮ್ಮಾಸ್."

ಆ ಮ್ಯಾಂಡರಿನ್ ಮೀನಿನ ಜೋಡಿಯನ್ನು ನೀನು ನನಗೆ ಮೊದಲು ತೋರಿಸಿದ ದಿನ ನೆನಪಿದೆ. ನೀಲಿ ಮೈಮೇಲೆ ಕಿತ್ತಳೆ ಗೆರೆಗಳು. ಹುರುಪೆಯಿಲ್ಲ, ಕಹಿ ಲೋಳೆಯೇ ಕವಚ. ಅಂಗಡಿಯ ಆಹಾರ ಮೂಸಿಯೂ ನೋಡವು; ಹವಳದ ಕಲ್ಲಿನ ಸಂದಿಯಲ್ಲಿ ಹುಟ್ಟುವ ಸಣ್ಣ ಜೀವಿಗಳನ್ನು ಹೆಕ್ಕಿ ತಿನ್ನಬೇಕು. "ಈ ಕಲ್ಲು ಸತ್ರ ಇವೂ ಉಪವಾಸ ಸಾಯ್ತಾವ" ಎಂದು ನೀನೇ ಹೇಳಿದ್ದೆ. ಹಾಗಿರುವಾಗ ತೊಟ್ಟಿ ಕಿತ್ತು ಕೊಟ್ಟರೆ...

ಚಳಿಗಾಲದ ಒಂದು ಮಧ್ಯಾಹ್ನ ಬಿರುಗಾಳಿಗೆ ಕರೆಂಟು ಹೋಯಿತು. ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬಿನಲ್ಲಿದ್ದ ನನಗೆ ಅನು ಫೋನ್ ಮಾಡಿದಳು. "ಮೌಶಿ, ಪಂಪ್ ನಿಂತದ. ಗಂಡು ಮೀನು, ಹೀ ಈಸ್ ನಾಟ್ ಮೂವಿಂಗ್!" ಅವಳೊಂದಿಗೆ ಮಾತಾಡುತ್ತಲೇ ಕಾರು ಹತ್ತಿ ಹೊರಟೆ; ಫ್ರೀವೇ ತುಂಬ ಕಾರುಗಳು ನಿಂತುಬಿಟ್ಟಿದ್ದವು. ನೀರು ತಣ್ಣಗಾಗದಂತೆ ತೊಟ್ಟಿಗೆ ರಜಾಯಿ ಸುತ್ತು, ಅದೇ ನೀರು ಮೊಗೆದು ಮೇಲಿಂದ ಸುರಿ, ಗಾಳಿ ಬೆರೆಯಲಿ ಎನ್ನುತ್ತಿದ್ದಂತೆ ಅವಳ ಫೋನೂ ಕಟ್ಟಾಯಿತು. ಆಸ್ಪತ್ರೆಯಿಂದ ನಿನ್ನ ಸುದ್ದಿ ಬಂದಾಗಲೂ ನಾನು ಇದೇ ಫ್ರೀವೇಯಲ್ಲಿ... ಬಿಡು.

ನಾನು ಒಳಗೆ ಹೋದಾಗ ಅನು ಸುಸ್ತಾಗಿ ನೆಲದ ಮೇಲೆ ಕೂತಿದ್ದಳು. ನೀರು ಮೊಗೆದು ಸುರಿಯುತ್ತಿದ್ದವರು ಭಾವ! ಅಂಗಿಯೆಲ್ಲ ಉಪ್ಪುನೀರು. ಗಂಡು ಮೀನು ಮರಳಿನ ಮೇಲೆ ವಾಲಿಕೊಂಡು ಕಿವಿರು ಬಡಿಯುತ್ತಿತ್ತು.

"ನೀವು ಕೂಡ್ರಿ ಭಾವ, ನಾ ಸುರೀತೀನಿ."

"ಬ್ಯಾಡ. ಆವತ್ತ ನನ್ನ ಕೈಯಾಗ ಏನೂ ಇರಲಿಲ್ಲ. ಇವತ್ತ ಇಷ್ಟರ ಅದ."

ಬೆಳಕು ಇಳಿಯುವ ಹೊತ್ತಿಗೆ ಕರೆಂಟು ಬಂದು ಪಂಪು ಗುಂಯ್ ಎಂದಿತು. ಮೂವರೂ ಉಸಿರು ಬಿಗಿಹಿಡಿದು ನೋಡುತ್ತಿದ್ದೆವು. ಎಷ್ಟೋ ಹೊತ್ತಿನ ಮೇಲೆ ಗಂಡು ಮೀನು ರೆಕ್ಕೆ ಬಿಚ್ಚಿ, ಮೆಲ್ಲಗೆ ಕಲ್ಲಿನ ಸಂದಿಗೆ ಸರಿಯಿತು. ನೀನು ಹೋದಾಗಲೂ ಅಳದಿದ್ದ ಭಾವ ಗಾಜಿಗೆ ಹಣೆಯೊತ್ತಿ ಅತ್ತರು.

ಇನ್ನು ನಿನಗೆ ಗೊತ್ತಿಲ್ಲದ ಸುದ್ದಿ. ಮೊನ್ನೆ ಮುಸ್ಸಂಜೆ ಭಾವ ವಿಡಿಯೊ ಕಾಲ್ ಮಾಡಿ, "ಮಾತಾಡಬ್ಯಾಡ, ಬರೇ ನೋಡು" ಎಂದು ಪಿಸುಗುಟ್ಟಿದರು. ಎರಡೂ ಮೀನು ಮೈಗೆ ಮೈ ತಾಗಿಸಿ ನಿಧಾನ ಮೇಲೇರಿದವು, ನೀರಿನ ತುದಿಯಲ್ಲಿ ಕ್ಷಣ ನಿಂತು ಸರ್ರನೆ ಕೆಳಗಿಳಿದವು. ಅಲ್ಲೆಲ್ಲ ಕಂಡೂ ಕಾಣದ ಮೊಟ್ಟೆಗಳು ತೇಲುತ್ತಿದ್ದವು, ಅಕ್ಕಾ! ಮರಿಗಳು ಹೊರಬಂದರೆ ಅಷ್ಟು ಸಣ್ಣ ಬಾಯಿಗೆ ಏನು ತಿನ್ನಿಸುವುದೆಂದು ಭಾವ ಈಗ ಸಿಕ್ಕಸಿಕ್ಕವರಿಗೆಲ್ಲ ಫೋನ್ ಮಾಡಿ ಕೇಳುತ್ತಿದ್ದಾರೆ.

ನಿನ್ನ
ಸುಧಾ