ಬಲತುದಿಯಿಂದ ಓದಿದ ಚಿತ್ರ

ಗಬ್ಬೂರು
12-8-1986

ಅಹಲ್ಯಾಬಾಯಿ ಅಕ್ಕನವರಿಗೆ, ಪಕ್ಕದ ಮನೆಯ ಕುಬ್ರಾ ಬೇಗಂಳ ಸಲಾಮು.

ಮಾನ್ವಿಯ ವಯಸ್ಕರ ಶಾಲೆಯಲ್ಲಿ ನೀವು ಅಕ್ಷರ ಕಲಿತಿರೆಂದು ಕೇಳಿದೆ. ಈ ಕಾಗದವನ್ನು ಬೇರೆಯವರ ಕೈಯಲ್ಲಿ ಓದಿಸಬೇಡಿ.

ನಿಮ್ಮ ಯಜಮಾನರು ಶೇಷಗಿರಿ ರಾಯರು ತೀರಿಕೊಂಡ ಸುದ್ದಿ ದೇವದುರ್ಗದ ಬಸ್ ನಿಲ್ದಾಣದಲ್ಲಿ ಕೇಳಿದೆ. ಅಂದಿನಿಂದ ಅನ್ನ ಸೇರುತ್ತಿಲ್ಲ.

ಹನ್ನೊಂದು ವರ್ಷದ ಹಿಂದೆ ನೀವು ಅವರ ಮೇಲೆ ಮುನಿಸಿಕೊಂಡು, ರಾಯಚೂರು ಬಿಟ್ಟು, ಇಲ್ಲಿ ಖಾಲಿ ಇದ್ದ ಸೋದರಮಾವನ ಮನೆಗೆ ಬಂದಿದ್ದಿರಿ. ಮಕ್ಕಳ ಪತ್ರಿಕೆಗೆ ಚಿತ್ರಕಥೆ ಬರೆಯುತ್ತಿದ್ದ ರಾಯರು ನಿಮಗೊಂದು ಹಾಳೆ ಕಳಿಸಿದರು. ಒಂದೇ ಸಾಲಿನಲ್ಲಿ ನಾಲ್ಕು ಚೌಕ, ಒಂದಕ್ಷರವಿಲ್ಲ. ಆಗ ನಿಮಗೆ ಓದು ಬರುತ್ತಿರಲಿಲ್ಲ; ಗಂಡ ಹೆಂಡಿರ ಮಾತನ್ನು ಮೂರನೆಯವರು ಓದುವುದು ಬೇಡವೆಂದೇ ಹಾಗೆ ಮಾಡಿರಬೇಕು. ಆದರೂ ನೀವು ನನ್ನ ಹತ್ತಿರ ತಂದು, ಕುಬ್ರಾ, ನೀ ಸಾಲಿ ಕಲ್ತಾಕಿ ಬೇ, ಇದೇನಂತ ಹೇಳು ಅಂದಿರಿ.

ನಾನು ಕಲಿತದ್ದು ಉರ್ದು ಶಾಲೆ. ಕಣ್ಣು ತಾನಾಗಿ ಬಲತುದಿಯಿಂದ ಹೊರಟಿತು. ಇಲ್ಲಿನ ನಿಮ್ಮ ಬಾಗಿಲಲ್ಲಿ ಕೈ ಎತ್ತಿ ನಿಂತ ರಾಯರು. ದಾರಿಯಲ್ಲಿ ರಾಯರು. ಬಸ್ಸಿನಲ್ಲಿ ರಾಯರು. ಕೊನೆಗೆ ರಾಯಚೂರಿನ ಮನೆಗೆ ಬೀಗ. ಚೌಕಗಳ ನಡುವಿನ ಬಿಳಿ ಜಾಗದಲ್ಲಿ ಏನೂ ಬರೆದಿರುವುದಿಲ್ಲ, ನೋಡುವವರೇ ತುಂಬಿಕೊಳ್ಳಬೇಕು. ಬಾಗಿಲು ಬಡಿಯದೆ ತಿರುಗಿ ಹೋದರು, ಇನ್ನು ಆ ಮನೆ ನಿಮಗೆ ಮುಚ್ಚಿತು ಅಂತ ತುಂಬಿದವಳು ನಾನು. ನೀವು ಹಾಳೆ ಎಸೆದು, ಮರುದಿನವೇ ಮಾನ್ವಿಯ ತವರಿಗೆ ಹೋದಿರಿ.

ಮೊನ್ನೆ ಮಗಳು ಜಾಹೆದಾ ಕನ್ನಡದ ಚಿತ್ರಪುಸ್ತಕ ಓದುವಾಗ ಎಡತುದಿಯ ಚೌಕದ ಮೇಲೆ ಬೆರಳಿಟ್ಟಳು. ಆಗ ನನ್ನ ತಪ್ಪು ತಿಳಿಯಿತು. ನೀವು ಎಸೆದ ಹಾಳೆಯನ್ನು ನಾನು ಎತ್ತಿಟ್ಟಿದ್ದೆ, ಇದರ ಜೊತೆಗಿದೆ. ಎಡಗಡೆಯಿಂದ ನೋಡಿರಿ ಅಕ್ಕಾ. ಅವರು ಬೀಗ ಹಾಕಿ, ಬಸ್ಸು ಹತ್ತಿ, ನಿಮ್ಮನ್ನು ಕರೆಯಲು ಹೊರಟಿದ್ದರು.

ನಿಮ್ಮ ಮುಖ ನೋಡುವ ಧೈರ್ಯವಿಲ್ಲದ
ಕುಬ್ರಾ

ತಾ.ಕ.: ಜಾಹೆದಾಳ ಪುಸ್ತಕದಿಂದ ತಿಳಿಯಿತೆಂದದ್ದು ಸುಳ್ಳು. ನೀವು ಹೋದ ಮೂರನೇ ದಿನ ರಾಯರು ಬಂದಿದ್ದರು. ಬಲತುದಿಯ ಚಿತ್ರದ ಹಾಗೇ ಕೈ ಎತ್ತಿ, ನಿಮ್ಮ ಬೀಗದ ಮುಂದೆ ನಿಂತರು. ನನಗೆ ಆಗಲೇ ಎಲ್ಲ ತಿಳಿಯಿತು. ಆಕಿ ನನ್ನ ಚಿತ್ರ ನೋಡಿದ್ಳೇನವಾ ಅಂತ ಕೇಳಿದರು. ಸಾಲಿ ಕಲಿತಾಕೆ ತಪ್ಪಿದಳು ಅನ್ನಿಸಿಕೊಳ್ಳಲು ನಾಚಿ, ನೋಡಿದ್ರು ರಾಯರ, ನೋಡಿದ ಮ್ಯಾಲೇ ಊರು ಬಿಟ್ರು ಅಂದೆ.  ಅವರು ಸಂಜೆಯ ಬಸ್ಸು ಬರುವ ತನಕ ನಿಮ್ಮ ಕಟ್ಟೆಯ ಮೇಲೆ ಕೂತಿದ್ದರು. ನಿಜ ಹೇಳಲು ನನಗೆ ಅಷ್ಟು ಹೊತ್ತಿತ್ತು.